ಏನು ಮಾಡಬೇಕು ಅಂತ ಗೊತ್ತು, ಕೈ ಮಾತ್ರ ಮುಂದೆ ಹೋಗ್ತಿಲ್ಲ. ಎಲ್ಲಿಂದ ಶುರು ಮಾಡೋದು?

ಅರ್ಧಪುಟ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಉತ್ತರ ಖಚಿತವಾಗಿ ಸಿಗಲಿ ಅಂತ ಪ್ರಶ್ನೆಯನ್ನೂ ಆದಷ್ಟು ಖಚಿತವಾಗಿ ಕೇಳ್ತೀನಿ.

ಆಗಬೇಕಾದ ಕೆಲಸ ಎರಡು. ಬರೆದು ಮುಗಿದಿರುವ ಮೂರು ಲೇಖನಗಳನ್ನು ಪತ್ರಿಕೆಗಳಿಗೆ ಕಳಿಸಬೇಕು. ನಾಲ್ಕನೆಯದನ್ನು ಶುರು ಮಾಡಬೇಕು. ವಿಷಯ ಗೊತ್ತು, ವಿಳಾಸ ಗೊತ್ತು, ಸಂಜೆ ಒಂದು ಗಂಟೆ ಬಿಡುವೂ ಇದೆ. ಆದರೂ ಆಗ್ತಿಲ್ಲ. ಕೂತ ಕೂಡಲೇ ಬರೋ ಯೋಚನೆಗಳು ಹೆಚ್ಚುಕಮ್ಮಿ ಇವೇ: "ಇದರಲ್ಲಿ ಹೊಸದೇನಿದೆ?", "ಇನ್ನೊಂದು ಸಲ ತಿದ್ದಿದರೆ ಒಳ್ಳೇದು", "ಇದನ್ನು ಬರೆಯೋಕೆ ನನಗೇನು ಅರ್ಹತೆ?" ಫೈಲ್ ಮುಚ್ಚಿದಾಗ ಒಂದು ಥರ ನಿರಾಳ ಆಗುತ್ತೆ. ಅರ್ಧ ಗಂಟೆ ಕಳೆದ ಮೇಲೆ ಬೇಸರ ಶುರು.

ಇದುವರೆಗೆ ಮಾಡಿ ನೋಡಿದ್ದು: ಬೆಳಿಗ್ಗೆ "ನನ್ನ ಕೈಲಿ ಆಗುತ್ತೆ" ಅಂತ ಹತ್ತು ಸಲ ಹೇಳಿಕೊಳ್ಳೋದು, ಸ್ಫೂರ್ತಿ ತುಂಬೋ ವಿಡಿಯೊ ನೋಡೋದು, ದೊಡ್ಡ ದಿನಚರಿ ಪಟ್ಟಿ ಹಾಕಿಕೊಳ್ಳೋದು. ಯಾವುದೂ ಎರಡು ದಿನದ ಮೇಲೆ ನಿಂತಿಲ್ಲ.

ಕೇಳಬೇಕಾದ್ದು ಇಷ್ಟು:

1. ಮೊದಲು ಆತ್ಮವಿಶ್ವಾಸ ಬೆಳೆಸಿಕೊಂಡು ಆಮೇಲೆ ಕೆಲಸಕ್ಕೆ ಇಳಿಯಬೇಕೋ, ಕೆಲಸಕ್ಕೆ ಇಳಿದರೆ ಅದು ತಾನಾಗಿ ಬರುತ್ತೋ?
2. ಈ ಯೋಚನೆಗಳ ಜೊತೆ ವಾದಕ್ಕೆ ಇಳಿಯಬೇಕೋ, ಅವುಗಳ ಪಾಡಿಗೆ ಬಿಡಬೇಕೋ?
3. ಮೊದಲ ವಾರ ದಿನದಿನಕ್ಕೆ ಏನು ಮಾಡಬೇಕು ಅಂತ ಯಾರಾದರೂ ಬರೆದುಕೊಡ್ತೀರಾ?

"ಧೈರ್ಯ ಮಾಡಿ, ಎಲ್ಲ ಆಗುತ್ತೆ" ಅನ್ನೋ ಉತ್ತರ ದಯವಿಟ್ಟು ಬೇಡ.

ಕೈಮರ

ನಿಮ್ಮ ಪ್ರಶ್ನೆಯಲ್ಲೇ ಸುಳಿವಿದೆ: "ಫೈಲ್ ಮುಚ್ಚಿದಾಗ ಒಂದು ಥರ ನಿರಾಳ." ಗಂಟು ಬಿದ್ದಿರೋದು ಅಲ್ಲೇ. ಕೆಲಸದ ಹತ್ತಿರ ಹೋದರೆ ಅಳುಕು ಏರುತ್ತೆ, ದೂರ ಸರಿದರೆ ಇಳಿಯುತ್ತೆ. ಆ ಇಳಿಯೋದೇ ಮೆದುಳಿಗೆ ಬಹುಮಾನ. ಹಾಗಾಗಿ ಫೈಲ್ ಮುಚ್ಚಿದ ಪ್ರತಿ ಸಲವೂ ಮುಚ್ಚೋ ಅಭ್ಯಾಸವೇ ಗಟ್ಟಿಯಾಗ್ತಾ ಹೋಗುತ್ತೆ. ಜೊತೆಗೆ ಇನ್ನೊಂದು ನಷ್ಟವಿದೆ. ಕಳಿಸಿದ್ದರೆ ಏನಾಗ್ತಿತ್ತು ಅನ್ನೋದು ಗೊತ್ತೇ ಆಗಲ್ಲ, ಆದ್ದರಿಂದ ಹೆದರಿಕೆ ಸುಳ್ಳಾಗೋಕೆ ಒಂದು ಅವಕಾಶವೂ ಸಿಗಲ್ಲ. ಇದನ್ನು ದಯವಿಟ್ಟು ಸೋಮಾರಿತನ ಅಂತ ಕರೆದುಕೊಳ್ಳಬೇಡಿ. ಆ ಹೆಸರು ಕೊಟ್ಟ ಮೇಲೆ ಮದ್ದೂ ತಪ್ಪಾಗುತ್ತೆ.

ಮೊದಲ ಪ್ರಶ್ನೆಗೆ ನೇರ ಉತ್ತರ: ಕೆಲಸ ಮೊದಲು. "ಇದು ನನ್ನಿಂದ ಆಗುತ್ತೆ" ಅನ್ನೋ ನಂಬಿಕೆ ಎಲ್ಲಿಂದ ಹುಟ್ಟುತ್ತೆ ಅನ್ನೋದಕ್ಕೆ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲಿ ನಾಲ್ಕು ಮೂಲ ಹೇಳಿದರು. ತಾನೇ ಮಾಡಿ ಗೆದ್ದ ಅನುಭವ, ತನ್ನಂಥವರು ಮಾಡಿದ್ದನ್ನು ಕಂಡದ್ದು, ಬೇರೆಯವರ ಪ್ರೋತ್ಸಾಹದ ಮಾತು, ಆ ಹೊತ್ತಿನ ಮೈಮನಸ್ಸಿನ ಸ್ಥಿತಿ. ಇದರಲ್ಲಿ ಬಲವಾದದ್ದು ಮೊದಲನೆಯದು. ನೀವು ಮಾಡಿ ನೋಡಿದ್ದು ಹೆಚ್ಚಾಗಿ ಮೂರನೇ ಜಾತಿಗೆ ಸೇರಿದ್ದು, ಅದಕ್ಕೇ ಎರಡು ದಿನದಲ್ಲಿ ಇಳಿದುಹೋಯ್ತು. "ನನ್ನ ಕೈಲಿ ಆಗುತ್ತೆ" ಅಂತ ಜಪಿಸೋದು ಕೆಲವರಿಗೆ ಉಲ್ಟಾ ಹೊಡೆಯೋದೂ ಉಂಟು. ಜೋಆನ್ ವುಡ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಮ್ಮ ಬಗ್ಗೆ ಕೀಳರಿಮೆ ಇದ್ದವರು ಇಂಥ ಒಳ್ಳೆಯ ಮಾತನ್ನು ಹೇಳಿಕೊಂಡಾಗ ಅವರ ಮನಸ್ಸು ಇನ್ನಷ್ಟು ಕುಗ್ಗಿತು. ನಂಬದ ಮಾತನ್ನು ಬಾಯಲ್ಲಿ ಹೇಳಿದರೆ ಒಳಗಿನಿಂದ ಎದುರುತ್ತರ ಬರುತ್ತೆ, ಅದು ಕಾರಣ ಇರಬಹುದು.

ಈಗ ಕೆಲಸಕ್ಕೆ ಬರೋಣ. "ಲೇಖನ ಕಳಿಸೋದು" ಅನ್ನೋದು ಒಂದೇ ಕೆಲಸ ಅಲ್ಲ. ಫೈಲ್ ತೆಗೆಯೋದು, ಇಮೇಲ್‌ನಲ್ಲಿ ವಿಳಾಸ ಹಾಕೋದು, ವಿಷಯದ ಸಾಲು ಬರೆಯೋದು, ಸಂಪಾದಕರಿಗೆ ನಾಲ್ಕು ಸಾಲು ಬರೆಯೋದು, ಫೈಲ್ ಲಗತ್ತಿಸೋದು, ಸೆಂಡ್ ಒತ್ತೋದು. ಒಟ್ಟು ಆರು. ಇದರಲ್ಲಿ ನಿಮ್ಮ ಕೈ ಎಲ್ಲಿ ನಿಲ್ಲುತ್ತೆ ಅಂತ ನೋಡಿ. ನೀವು ಬರೆದಿರೋದು ನೋಡಿದರೆ, ಮುಗಿದ ಮೂರು ಲೇಖನಗಳ ವಿಷಯದಲ್ಲಿ ಆರನೆಯದರ ಹತ್ತಿರ ನಿಲ್ಲುತ್ತೆ. ನಾಲ್ಕನೇ ಲೇಖನದಲ್ಲಿ ಮೊದಲ ಹೆಜ್ಜೆಯೇ ಎದ್ದಿಲ್ಲ. ಇವೆರಡೂ ಬೇರೆ ಬೇರೆ ತೊಂದರೆ. ಮೊದಲನೆಯದು "ಯಾರೋ ತೂಗಿ ನೋಡ್ತಾರೆ" ಅನ್ನೋ ಅಂಜಿಕೆ, ಎರಡನೆಯದು "ಮೊದಲ ಹೆಜ್ಜೆ ಯಾವುದು ಅನ್ನೋದೇ ಸ್ಪಷ್ಟವಿಲ್ಲ" ಅನ್ನೋ ಗೊಂದಲ. ಎರಡಕ್ಕೂ ಒಂದೇ ಉಪಾಯ ಹೂಡಿದರೆ ಒಂದಾದರೂ ಕೈಕೊಡುತ್ತೆ. ನಾನು ಕಳಿಸೋದರ ಬಗ್ಗೆ ಮಾತ್ರ ಬರೀತೀನಿ.

ಒಂದು ಚಿಕ್ಕ ಚೀಟಿ ತಗೊಂಡು, ಸೆಂಡ್ ಒತ್ತೋದಕ್ಕೆ ಮೊದಲು ಹೀಗೆ ತುಂಬಿ:

ಕೆಲಸ: ಮೊದಲ ಲೇಖನವನ್ನು ಒಂದು ಪತ್ರಿಕೆಗೆ ಕಳಿಸೋದು
ಏನಾಗುತ್ತೆ ಅನ್ನಿಸ್ತಿದೆ: ಒಂದು ವಾರದೊಳಗೆ "ಇದು ಪ್ರಕಟಣೆಗೆ ಯೋಗ್ಯವಲ್ಲ" ಅಂತ ಕಟುವಾದ ಉತ್ತರ ಬರುತ್ತೆ
ಎಷ್ಟು ಖಚಿತ: 100ಕ್ಕೆ 70
ತಿರುಗಿ ನೋಡೋ ದಿನ: ಕಳಿಸಿದ 30ನೇ ದಿನ
ನಿಜವಾಗಿ ಆದದ್ದು: (ಖಾಲಿ ಬಿಡಿ)

ಎರಡನೇ ಸಾಲಿನಲ್ಲಿ ಹೆಚ್ಚಿನವರು ಎಡವುತ್ತಾರೆ. "ಕೆಟ್ಟದಾಗುತ್ತೆ", "ನನ್ನ ಬಗ್ಗೆ ಕೀಳಾಗಿ ಅಂದ್ಕೊಳ್ತಾರೆ" ಅಂತ ಬರೆದರೆ ಅದನ್ನು ಪರೀಕ್ಷಿಸೋದು ಹೇಗೆ? ಕಣ್ಣಿಗೆ ಕಾಣೋ, ಕಿವಿಗೆ ಕೇಳೋ, ತಾರೀಕು ಹಾಕಬಹುದಾದ ಘಟನೆಯನ್ನೇ ಬರೀಬೇಕು. ಅಂಕೆ ಹಾಕೋದನ್ನೂ ಬಿಡಬೇಡಿ. 70 ಅಂತ ಬರೆದದ್ದು ಹತ್ತು ಚೀಟಿಯಲ್ಲಿ ಎಷ್ಟು ಸಲ ನಿಜವಾಯ್ತು ಅಂತ ಎಣಿಸಿದಾಗಲೇ ನಿಮ್ಮ ಊಹೆಯ ತಕ್ಕಡಿ ಯಾವ ಕಡೆ ವಾಲಿದೆ ಅನ್ನೋದು ಗೊತ್ತಾಗೋದು. ಒಂದೆರಡು ಚೀಟಿಯಿಂದ ಏನೂ ತೀರ್ಮಾನಿಸಬೇಡಿ, ಹತ್ತಾಗಲಿ.

ಇದರ ಜೊತೆಗೆ ಬಿಡಬೇಕಾದ್ದೂ ಇದೆ. ಕಳಿಸೋ ಮೊದಲು ಎಂಟು ಸಲ ಓದೋದು, ನಾಲ್ಕು ಜನಕ್ಕೆ ತೋರಿಸಿ "ಚೆನ್ನಾಗಿದೆಯಾ?" ಅಂತ ಕೇಳೋದು, ಇಮೇಲ್‌ನಲ್ಲಿ "ತಪ್ಪಿದ್ದರೆ ಕ್ಷಮಿಸಿ, ಇದೇನು ಅಂಥ ದೊಡ್ಡ ಬರಹವಲ್ಲ" ಅಂತ ಸೇರಿಸೋದು. ಇವೆಲ್ಲ ಆ ಹೊತ್ತಿಗೆ ಸಮಾಧಾನ ಕೊಡುತ್ತವೆ, ಆದರೆ ಅಳುಕನ್ನು ಸಾಕುತ್ತವೆ. ಲೇಖನ ಅಚ್ಚಾದರೂ "ಎಂಟು ಸಲ ಓದಿದ್ದಕ್ಕೇ ಆಯ್ತು" ಅಂತ ಮನಸ್ಸು ಲೆಕ್ಕ ಹಾಕುತ್ತೆ. ಒಂದೇ ಸಲ, ಗಟ್ಟಿಯಾಗಿ, 20 ನಿಮಿಷದ ಮಿತಿಯಲ್ಲಿ ಓದಿ. ನಾಲಿಗೆ ತೊಡರಿದ ಕಡೆ ಮಾತ್ರ ತಿದ್ದಿ. ಯಾರನ್ನಾದರೂ ಕೇಳಲೇಬೇಕು ಅಂದರೆ "ಎರಡನೇ ಪುಟದ ವಿವರಣೆ ಒಂದೇ ಓದಿಗೆ ಅರ್ಥ ಆಯ್ತಾ?" ಅಂತ ಕೇಳಿ. ಅದಕ್ಕೆ ಉಪಯೋಗಕ್ಕೆ ಬರೋ ಉತ್ತರ ಸಿಗುತ್ತೆ.

ಕೊನೆಯದಾಗಿ, "ಹೀಗಾದರೆ ಹೀಗೆ ಮಾಡ್ತೀನಿ" ಅನ್ನೋ ಒಂದೇ ಸಾಲಿನ ಯೋಜನೆ. ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದವರು. ಅವರೂ ಪಾಸ್ಕಲ್ ಶೀರನ್ ಅವರೂ 2006ರಲ್ಲಿ 94 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಬರೀ ಗುರಿ ಇಟ್ಟುಕೊಳ್ಳೋದಕ್ಕಿಂತ ಇದರಿಂದ ಆಗೋ ಉಪಯೋಗ ಗಣನೀಯವಾಗಿತ್ತು. ನಿಮಗೆ ಹೊಂದೋದು: "ಸೆಂಡ್ ಮೇಲೆ ಬೆರಳಿಟ್ಟಾಗ 'ಇನ್ನೊಂದು ಸಲ ತಿದ್ದೋಣ' ಅನ್ನಿಸಿದರೆ, ಆ ತಿದ್ದುಪಡಿಯನ್ನು ಪಕ್ಕದ ಹಾಳೆಯಲ್ಲಿ ಬರೆದಿಟ್ಟು ಸೆಂಡ್ ಒತ್ತುತ್ತೇನೆ." ಇದು ಕೆಡೋದು ಮೂರು ಕಾರಣಕ್ಕೆ. "ಸಮಯ ಸಿಕ್ಕಾಗ" ಅಂತ ಬರೆಯೋದು, ಅದು ಗುರುತೇ ಅಲ್ಲ. "ಹೆದರಲ್ಲ" ಅಂತ ಬರೆಯೋದು, ಕೈಗೆ ಮಾಡೋಕೆ ಏನೂ ಇಲ್ಲ. ಒಂದೇ ದಿನ ಏಳೆಂಟು ಸಾಲು ಬರೆಯೋದು, ಬೇಕಾದ ಹೊತ್ತಿಗೆ ಒಂದೂ ನೆನಪಿಗೆ ಬರಲ್ಲ.

ತಿಳಿನೀರು

ಎರಡನೇ ಪ್ರಶ್ನೆಗೆ ನನ್ನ ಉತ್ತರ: ಎಲ್ಲ ಯೋಚನೆಯೂ ಒಂದೇ ಜಾತಿಯದಲ್ಲ. ಆದ್ದರಿಂದ ವಾದ ಮಾಡಬೇಕೋ ಬಿಡಬೇಕೋ ಎಂಬುದಕ್ಕೆ ಒಂದೇ ಉತ್ತರವಿಲ್ಲ. ನಿಮ್ಮ ಮೂರು ಯೋಚನೆಗಳು ಅದೃಷ್ಟವಶಾತ್ ಮೂರು ಬೇರೆ ಬೇರೆ ಬಗೆಯವು.

"ಇದರಲ್ಲಿ ಹೊಸದೇನಿದೆ?" ಇದು ಪ್ರಶ್ನೆಯ ರೂಪದಲ್ಲಿಯೇ ಇದೆ, ಉತ್ತರವೂ ಇದೆ. 15 ನಿಮಿಷ ಟೈಮರ್ ಇಟ್ಟು ಅದೇ ವಿಷಯದ ಬರಹಗಳನ್ನು ಹುಡುಕಿ. "ಅವರು ಇಷ್ಟು ಹೇಳಿದ್ದಾರೆ, ನನ್ನದರಲ್ಲಿ ಹೆಚ್ಚಿಗೆ ಇರುವುದು ಇದು" ಎಂದು ಒಂದು ವಾಕ್ಯ ಬರೆಯಿರಿ. ಬರೆಯಲು ಆಯಿತೇ, ಆ ವಾಕ್ಯವನ್ನೇ ಸಂಪಾದಕರಿಗೆ ಕಳಿಸುವ ನಾಲ್ಕು ಸಾಲಿನಲ್ಲಿ ಬಳಸಿ. ಆಗಲಿಲ್ಲವೇ, ಸಂಶಯ ನಿಮಗೆ ಉಪಕಾರ ಮಾಡಿತು. ಲೇಖನಕ್ಕೆ ಒಂದು ಹೊಸ ಉದಾಹರಣೆ ಬೇಕು, ಅಷ್ಟೇ.

"ಇನ್ನೊಂದು ಸಲ ತಿದ್ದಿದರೆ ಒಳ್ಳೇದು." ಇದು ಯಾವಾಗಲೂ ನಿಜ. ಅದೇ ಇದರ ತೊಂದರೆ. ಇದರೊಡನೆ ವಾದಿಸಿ ಗೆಲ್ಲಲು ಆಗದು, ಏಕೆಂದರೆ ಯಾವ ಬರಹವನ್ನಾದರೂ ಇನ್ನೊಮ್ಮೆ ತಿದ್ದಬಹುದು. ಇಲ್ಲಿ ಬೇಕಾದದ್ದು ನಿಲ್ಲಿಸುವ ನಿಯಮ, ಅದೂ ತಿದ್ದಲು ಕೂರುವ ಮೊದಲೇ ಬರೆದಿಟ್ಟದ್ದು. ಉದಾಹರಣೆಗೆ: "ಮೂರನೇ ಕರಡು ಕೊನೆಯದು. ಆಮೇಲೆ ಅಕ್ಷರದೋಷ ಮಾತ್ರ." ಮೂರು ಎಂಬ ಸಂಖ್ಯೆಯಲ್ಲಿ ಮಹಿಮೆ ಏನಿಲ್ಲ. ಮುಂಚೆಯೇ ನಿಗದಿಯಾಗಿರಬೇಕು, ನಡುವೆ ಬದಲಾಗಬಾರದು.

"ನನಗೇನು ಅರ್ಹತೆ?" ಇದಕ್ಕೆ ಉತ್ತರ ಹುಡುಕಲು ಹೋಗಲೇಬೇಡಿ. ಪ್ರಶ್ನೆಯಂತೆ ಕಂಡರೂ ಇದು ತೀರ್ಪು. ಎಷ್ಟು ಸಾಕ್ಷಿ ತಂದರೂ ಇನ್ನೊಂದು ಕೇಳುತ್ತದೆ. ಇಂಥದ್ದರಿಂದ ಒಂದು ಮಾರು ದೂರ ನಿಂತು ನೋಡುವುದೇ ದಾರಿ. ಸ್ವೀಕಾರ ಮತ್ತು ಬದ್ಧತೆಯ ಚಿಕಿತ್ಸೆ (ಆಕ್ಸೆಪ್ಟೆನ್ಸ್ ಅಂಡ್ ಕಮಿಟ್‌ಮೆಂಟ್ ಥೆರಪಿ) ಎಂಬ ಮನೋಚಿಕಿತ್ಸಾ ಪದ್ಧತಿಯಲ್ಲಿ ಇದಕ್ಕೆಂದೇ ಅಭ್ಯಾಸಗಳಿವೆ. ಸರಳವಾದದ್ದು, ಯೋಚನೆಯ ಕೊನೆಗೆ "ಎಂಬ ಯೋಚನೆ ಬಂದಿದೆ" ಎಂದು ಸೇರಿಸುವುದು. ಕನ್ನಡದಲ್ಲಿ ನಮಗೆ ಇನ್ನೂ ಚಿಕ್ಕ ಸಲಕರಣೆ ಇದೆ, "ಅಂತೆ". "ನನಗೆ ಅರ್ಹತೆ ಇಲ್ಲ" ಎನ್ನುವುದನ್ನು "ನನಗೆ ಅರ್ಹತೆ ಇಲ್ಲವಂತೆ" ಎಂದು ಒಮ್ಮೆ ಮೆಲ್ಲಗೆ ಹೇಳಿ ನೋಡಿ. ಮಾತು ಅದೇ, ಆದರೆ ಹೇಳಿದವರು ಬೇರೆ ಯಾರೋ ಆದರು. ನೀವು ಕೇಳಿಸಿಕೊಂಡವರಾದಿರಿ. ಕೇಳಿದ ಸುದ್ದಿಯನ್ನೆಲ್ಲ ನಂಬುವ ಹಂಗು ಯಾರಿಗೂ ಇಲ್ಲ, ಸುಳ್ಳೆಂದು ಸಾಧಿಸುವ ಹಂಗೂ ಇಲ್ಲ. ಕೇಳಿಸಿಕೊಂಡು ಕೈಯಲ್ಲಿರುವ ಕೆಲಸ ಮುಂದುವರಿಸಬಹುದು. ಅಣಕದ ದನಿಯಲ್ಲಿ ಮಾತ್ರ ಹೇಳಬೇಡಿ. ಅಣಕಿಸಿದರೆ ಅದೂ ಒಂದು ಜಗಳವಾಗುತ್ತದೆ.

ಒಂದೇ ಪದ ಪದೇ ಪದೇ ಚುಚ್ಚುತ್ತಿದ್ದರೆ ("ದಡ್ಡ", "ನಾಲಾಯಕ್ಕು" ಇತ್ಯಾದಿ) ಅದನ್ನು 30 ಸೆಕೆಂಡು ಬಿಡದೆ ವೇಗವಾಗಿ ಗಟ್ಟಿಯಾಗಿ ಹೇಳಿ. ಸ್ವಲ್ಪ ಹೊತ್ತಿಗೆ ಅರ್ಥ ಕಳಚಿ ಬರೀ ಸದ್ದು ಉಳಿಯುತ್ತದೆ. ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟಿಚ್ನರ್ 20ನೇ ಶತಮಾನದ ಆರಂಭದಲ್ಲಿಯೇ ಇದನ್ನು ಗುರುತಿಸಿದ್ದರು. ಸಂಶಯ ಇದರಿಂದ ಹೋಗುವುದಿಲ್ಲ, ಹೋಗಬೇಕೆಂದು ಕಾಯಲೂಬಾರದು. ಸೆಂಡ್ ಒತ್ತುವಷ್ಟು ಹೊತ್ತು ಹಿಡಿತ ಸಡಿಲವಾದರೆ ಸಾಕು.

ಜನ ಏನೆಂದುಕೊಂಡಾರು ಎಂಬುದರ ಬಗ್ಗೆ ಒಂದು ಮಾತು. ಥಾಮಸ್ ಗಿಲೊವಿಚ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ವಿದ್ಯಾರ್ಥಿಗಳಿಗೆ ಮುಜುಗರವಾಗುವಂಥ ಚಿತ್ರವಿದ್ದ ಟೀ ಶರ್ಟ್ ತೊಡಿಸಿ ಒಂದು ಕೋಣೆಯೊಳಗೆ ಕಳಿಸಿದರು. ಕೋಣೆಯಲ್ಲಿದ್ದವರಲ್ಲಿ ಸುಮಾರು ಅರ್ಧದಷ್ಟು ಜನ ಅದನ್ನು ಗಮನಿಸಿರಬೇಕೆಂದು ತೊಟ್ಟವರು ಊಹಿಸಿದರು. ಗಮನಿಸಿದ್ದವರು ಕಾಲು ಭಾಗಕ್ಕಿಂತಲೂ ಕಡಿಮೆ.

ಅರ್ಧಪುಟ

ಇಬ್ಬರಿಗೂ ತುಂಬಾ ಧನ್ಯವಾದ. ಕಳಿಸೋ ವಿಷಯ ಸ್ಪಷ್ಟವಾಯ್ತು, ಚೀಟಿಯ ನಮೂನೆ ಬರೆದಿಟ್ಟುಕೊಂಡೆ. ನಾಲ್ಕನೇ ಲೇಖನದ ಬಗ್ಗೆ ಯಾರಾದರೂ ಹೇಳ್ತೀರಾ? "ಬರೀ ಐದು ನಿಮಿಷ ಕೂತ್ಕೋ" ಅನ್ನೋ ಉಪಾಯ ಎಲ್ಲ ಕಡೆ ಸಿಗುತ್ತೆ. ಆದರೆ ಐದು ನಿಮಿಷ ಖಾಲಿ ಪರದೆ ನೋಡಿಕೊಂಡು ಕೂತರೆ ಆರನೇ ನಿಮಿಷಕ್ಕೆ ಎದ್ದುಹೋಗೋದೇ ಆಗುತ್ತೆ. ಎಲ್ಲಿ ತಪ್ಪಾಗ್ತಿದೆ?

ಮೊದಲಕರಡು

ತಪ್ಪು ಟೈಮರ್‌ದಲ್ಲ. ಐದು ನಿಮಿಷದಲ್ಲಿ ಕೈ ಏನು ಮಾಡಬೇಕು ಅಂತ ಹೇಳಿಲ್ಲ, ಅದು ತಪ್ಪು. "ಲೇಖನ ಶುರು ಮಾಡು" ಅನ್ನೋದು ಹೆಜ್ಜೆ ಅಲ್ಲ, ಆಸೆ. ಅದರೊಳಗೆ ಏನೇನು ಹೇಳಬೇಕು ಅಂತ ಆರಿಸೋದು, ಕ್ರಮ ಜೋಡಿಸೋದು, ಮೊದಲ ವಾಕ್ಯ ಹುಡುಕೋದು, ಅದು ಚೆನ್ನಾಗಿದೆಯಾ ಅಂತ ತೂಗೋದು, ನಾಲ್ಕೂ ಕೆಲಸ ಒಟ್ಟಿಗೆ ತುರುಕಿಕೊಂಡಿವೆ. ಖಾಲಿ ಪರದೆ ಮುಂದೆ ಆಗೋದು ಅದೇ ನೂಕುನುಗ್ಗಲು.

ಹೆಜ್ಜೆ ಅಂದ್ರೆ ಮೂರು ಲಕ್ಷಣ ಇರ್ಬೇಕು. ಕೈಯಿಂದ ಮಾಡುವಂಥದ್ದಾಗಿರಬೇಕು, ಮುಗಿದದ್ದು ಕಣ್ಣಿಗೆ ಕಾಣಬೇಕು, ಹತ್ತು ನಿಮಿಷದೊಳಗೆ ಮುಗೀಬೇಕು. "ವಿಷಯದ ಬಗ್ಗೆ ಯೋಚಿಸು" ಮೊದಲ ಲಕ್ಷಣದಲ್ಲೇ ಬಿದ್ದುಹೋಗುತ್ತೆ. "ಓದುಗರು ಈ ವಿಷಯದಲ್ಲಿ ಕೇಳಬಹುದಾದ ಆರು ಪ್ರಶ್ನೆ ಹಾಳೆ ಮೇಲೆ ಬರಿ" ಮೂರರಲ್ಲೂ ಪಾಸು. ಈ ಹೆಜ್ಜೆಯನ್ನು ಹಿಂದಿನ ದಿನವೇ ಬರೆದಿಡಬೇಕು. ಕೂತ ಮೇಲೆ ಹೆಜ್ಜೆ ಹುಡುಕೋಕೆ ಹೊರಟರೆ ಅಳುಕಿಗೆ ಬಾಗಿಲು ತೆರೆದ ಹಾಗೆ.

ನಿಮ್ಮ ಮೂರನೇ ಪ್ರಶ್ನೆಗೆ ಬರ್ತೀನಿ. ದಿನಕ್ಕೆ ಒಂದು ಗಂಟೆ ಇದ್ದರೂ ಮೊದಲ ವಾರ 25 ನಿಮಿಷಕ್ಕಿಂತ ಹೆಚ್ಚು ಮುಟ್ಟಬೇಡಿ. ಉಳಿದ ಹೊತ್ತು ಬಿಡುವಾಗಿಯೇ ಇರಲಿ.

ಮೊದಲ ದಿನ: ಆರು ಪ್ರಶ್ನೆ, ಕೈಬರಹದಲ್ಲಿ. ಇಮೇಲ್‌ಗೆ ಒಂದು ಪತ್ರಿಕೆ ವಿಳಾಸ ಹಾಕಿ ಡ್ರಾಫ್ಟ್ ಉಳಿಸೋದು. ಅಷ್ಟೇ.

ಎರಡನೇ ದಿನ: ಆರರಲ್ಲಿ ಸುಲಭವಾದ ಒಂದು ಪ್ರಶ್ನೆ ಆರಿಸಿ, ಎದುರು ಕೂತವರಿಗೆ ಉತ್ತರ ಹೇಳೋ ಹಾಗೆ ಫೋನಿನಲ್ಲಿ ಮೂರು ನಿಮಿಷ ಧ್ವನಿಮುದ್ರಣ ಮಾಡಿ. ಅದನ್ನು ಕೇಳ್ತಾ ಹಾಳೆಗೆ ಇಳಿಸಿ. ಮಾತಾಡುವಾಗ ತೂಗೋ ಮನಸ್ಸು ಬರೆಯುವಾಗಿನಷ್ಟು ಅಡ್ಡ ಬರಲ್ಲ.

ಮೂರನೇ ದಿನ: ಮೊದಲ ಲೇಖನವನ್ನು ಒಮ್ಮೆ ಗಟ್ಟಿಯಾಗಿ ಓದೋದು, ಚೀಟಿ ತುಂಬೋದು, ಸೆಂಡ್. ವಾರದ ಕೊನೆಗೆ ಅಂತ ಇಟ್ಟರೆ ಇಡೀ ವಾರ ಅದರ ಭಾರ ಹೊರಬೇಕಾಗುತ್ತೆ, ಅದಕ್ಕೇ ಮೂರನೇ ದಿನ. ಕಳಿಸಿದ ಮೇಲೆ ಆ ದಿನ ಇಮೇಲ್ ಮತ್ತೆ ತೆಗೆಯಬೇಡಿ.

ನಾಲ್ಕು, ಐದನೇ ದಿನ: ದಿನಕ್ಕೊಂದು ಪ್ರಶ್ನೆಗೆ 150 ಪದದ ಉತ್ತರ, ಹಿಂದೆ ತಿರುಗಿ ತಿದ್ದದೆ. ಪದ ಸಿಗದಿದ್ದರೆ "ಇಲ್ಲಿ ಉದಾಹರಣೆ ಬೇಕು", "ಇಸವಿ ನೋಡಬೇಕು" ಅಂತ ಗುರುತು ಹಾಕಿ ದಾಟಿಬಿಡಿ. ಬ್ಯಾಕ್‌ಸ್ಪೇಸ್ ಕಡೆಗೆ ಬೆರಳು ತಾನಾಗೇ ಹೋಗ್ತಿದ್ದರೆ ಪೆನ್ನಿನಲ್ಲಿ ಬರೆಯಿರಿ, ಅಥವಾ ಪರದೆಯ ಬೆಳಕು ಪೂರ್ತಿ ಇಳಿಸಿ ಟೈಪ್ ಮಾಡಿ. ಬರೆಯೋದು, ತಿದ್ದೋದು ಒಂದೇ ಸಲ ಕೂತಾಗ ಆಗಲೇಬಾರದು. ನನ್ನ ಪ್ರಕಾರ ಎಲ್ಲಕ್ಕಿಂತ ಹೆಚ್ಚು ಬರಹ ಕೆಡಿಸೋದು ಇದೊಂದೇ ಅಭ್ಯಾಸ. ಏಳುವಾಗ ವಾಕ್ಯವನ್ನು ನಡುವೆ ನಿಲ್ಲಿಸಿ ಏಳಿ. ಮಾರನೇ ದಿನ ಕೂತಾಗ ಆ ಅರ್ಧ ವಾಕ್ಯವೇ ಹಿಡಿಕೆ.

ಆರನೇ ದಿನ: ಎರಡನೇ ಲೇಖನ ಸೆಂಡ್, ಇನ್ನೊಂದು ಚೀಟಿಯೊಂದಿಗೆ.

ಏಳನೇ ದಿನ: ಹೊಸದೇನೂ ಬೇಡ. ಮುಗಿದದ್ದನ್ನು ಎಣಿಸಿ ಬರೆಯಿರಿ, ಮುಂದಿನ ವಾರದ ಮೊದಲ ಹೆಜ್ಜೆ ಬರೆದಿಡಿ.

ಹೊತ್ತಿನ ಅಂದಾಜನ್ನು ನಂಬಬೇಡಿ. ರಾಜರ್ ಬ್ಯೂಲರ್ ಮತ್ತು ಸಂಗಡಿಗರು 1994ರಲ್ಲಿ ಪ್ರಬಂಧ ಬರೀತಿದ್ದ ವಿದ್ಯಾರ್ಥಿಗಳನ್ನು ಕೇಳಿದಾಗ, ಅವರ ಸರಾಸರಿ ಅಂದಾಜು 34 ದಿನ, ನಿಜಕ್ಕೂ ಹಿಡಿದದ್ದು 55 ದಿನ. "ಎಲ್ಲ ಕೆಟ್ಟರೆ ಎಷ್ಟು ದಿನ?" ಅಂತ ಕೇಳಿದಾಗ ಹೇಳಿದ ಲೆಕ್ಕವನ್ನೂ ಅದು ಮೀರಿತ್ತು. ಹಾಗಾಗಿ ನಾಲ್ಕನೇ ಲೇಖನ ಎರಡು ವಾರ ಅನ್ನಿಸಿದರೆ ನಾಲ್ಕು ವಾರ ಅಂತ ಬರ್ಕೊಳ್ಳಿ. ಇಲ್ಲದಿದ್ದರೆ ಹದಿನೈದನೇ ದಿನ "ನೋಡು, ನಿನ್ನಿಂದ ಆಗಲ್ಲ" ಅಂತ ಸಂಶಯ ಲೆಕ್ಕ ಕೇಳೋಕೆ ಬರುತ್ತೆ, ತಪ್ಪು ಅಂದಾಜಿನದ್ದೇ ಆಗಿದ್ದರೂ.

ಒಂದು ದಿನ ತಪ್ಪಿದರೆ? ಮಾರನೇ ದಿನ ಬಾಕಿ ತೀರಿಸೋಕೆ ಹೋಗ್ಬೇಡಿ. 150 ಪದ ತಪ್ಪಿತು ಅಂತ 300 ಇಟ್ಟುಕೊಂಡರೆ ಅದೂ ತಪ್ಪುತ್ತೆ, ಮೂರನೇ ದಿನಕ್ಕೆ 450 ಆಗುತ್ತೆ, ನಾಲ್ಕನೇ ದಿನ ಕೂರೋದೇ ನಿಲ್ಲುತ್ತೆ. ಅರ್ಧಕ್ಕೆ ಇಳಿಸಿ, 75 ಸಾಕು. ನಿಮ್ಮನ್ನು ನೀವು ಬೈದುಕೊಳ್ಳೋದೂ ಉಪಯೋಗವಿಲ್ಲ. ಮೈಕೆಲ್ ವೋಲ್ ಮತ್ತು ಸಂಗಡಿಗರ 2010ರ ಅಧ್ಯಯನದಲ್ಲಿ, ಮೊದಲ ಪರೀಕ್ಷೆಯ ಓದನ್ನು ಮುಂದೂಡಿದ್ದಕ್ಕೆ ತಮ್ಮನ್ನು ತಾವು ಕ್ಷಮಿಸಿಕೊಂಡ ವಿದ್ಯಾರ್ಥಿಗಳು ಮುಂದಿನ ಪರೀಕ್ಷೆಗೆ ಮುಂದೂಡಿದ್ದು ಕಡಿಮೆ.

ಸಾಣೆಕಲ್ಲು

ಮೇಲಿನ ಮೂವರೂ ಸಂಶಯವನ್ನು ತಪ್ಪು ಎಚ್ಚರಿಕೆ ಎಂದೇ ಹಿಡಿದು ಬರೆದಿದ್ದಾರೆ. ಹೆಚ್ಚಿನ ಸಲ ಅದು ಸರಿ. ಆದರೆ ಕೆಲವು ಸಲ ಸಂಶಯ ನಿಜ ಹೇಳುತ್ತಿರುತ್ತದೆ. ಬೇರ್ಪಡಿಸಲು ಒಂದು ಪರೀಕ್ಷೆ: "ನನಗೆ ಬಾರದೇ ಇರುವುದು ಯಾವುದು?" ಎಂಬುದಕ್ಕೆ ಹೆಸರು ಕೊಡಲು ಸಾಧ್ಯವೇ? "ಅಂಕಿಅಂಶದ ಕೋಷ್ಟಕ ಓದಲು ಬರುವುದಿಲ್ಲ", "ಸಂದರ್ಶನ ಮಾಡುವುದು ಗೊತ್ತಿಲ್ಲ" ಎಂದು ಹೆಸರಿಟ್ಟು ಹೇಳಲು ಆದರೆ ಅದು ಕೌಶಲದ ಕೊರತೆ. ಅದನ್ನು ಕಲಿಯಬಹುದು. "ಏನೋ ಸಾಲದು" ಎಂದಷ್ಟೇ ಬಂದರೆ ಅದು ಅಂಜಿಕೆ. ಎಷ್ಟು ಕಲಿತರೂ ಅದು ತುಂಬುವುದಿಲ್ಲ.

ಕಲಿಕೆಯ ಮರೆಯಲ್ಲಿ ಅಡಗುವುದೂ ಉಂಟು. ಇನ್ನೊಂದು ಪುಸ್ತಕ, ಇನ್ನೊಂದು ಕೋರ್ಸ್, ಆಮೇಲೆ ಬರೆಯೋಣ. ಇದನ್ನು ಹಿಡಿಯಲು ಸುಲಭದ ಅಳತೆ ಇದೆ: ಒಂದು ಗಂಟೆ ಓದಿದರೆ ಅದರಿಂದ ಹುಟ್ಟಿದ ಒಂದು ಪ್ಯಾರಾ ಅದೇ ದಿನ ಹಾಳೆಯ ಮೇಲಿರಬೇಕು. ಮೂರು ದಿನ ಸತತವಾಗಿ ಪ್ಯಾರಾ ಇಲ್ಲವೆಂದರೆ ಓದು ನಿಲ್ಲಿಸುವ ಹೊತ್ತು.

ಕೈಮರ ಅವರ ಚೀಟಿಗೆ ಇನ್ನೊಂದು ಸಾಲು ಸೇರಿಸಿ: "ಇದರಲ್ಲಿ ನಾನು ಮಾಡಿದ್ದು ಏನು?" ಕಾರಣ ಹೇಳುತ್ತೇನೆ. ಪಾಲೀನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್ 1978ರಲ್ಲಿ ಒಂದು ಪ್ರವೃತ್ತಿಯನ್ನು ವಿವರಿಸಿದರು. ಚೆನ್ನಾಗಿ ಸಾಧಿಸಿದವರೂ ತಮ್ಮ ಗೆಲುವನ್ನು ಅದೃಷ್ಟಕ್ಕೋ ಬೇರೆಯವರ ತಪ್ಪು ತಿಳಿವಳಿಕೆಗೋ ಸೇರಿಸಿಬಿಡುತ್ತಾರೆ, ಒಂದು ದಿನ ಬಣ್ಣ ಬಯಲಾಗುತ್ತದೆಂದು ಅಂಜುತ್ತಾರೆ. ಇಂಥವರಲ್ಲಿ ಗೆಲುವು ಸೇರುತ್ತಾ ಹೋದರೂ ನಂಬಿಕೆ ಬೆಳೆಯುವುದಿಲ್ಲ, ಏಕೆಂದರೆ ಯಾವ ಗೆಲುವೂ ಅವರ ಖಾತೆಗೆ ಜಮೆಯಾಗುವುದೇ ಇಲ್ಲ. "ಮೂರು ಕರಡು ಬರೆದೆ, ಎರಡು ಇಸವಿ ಪರಿಶೀಲಿಸಿದೆ, ಹೇಳಿದ ದಿನ ಕಳಿಸಿದೆ" ಎಂದು ಕ್ರಿಯಾಪದಗಳಲ್ಲಿ ಬರೆದಿಟ್ಟರೆ ಆಮೇಲೆ ಅದೃಷ್ಟವೆಂದು ತಳ್ಳಿಹಾಕುವುದು ಅಷ್ಟು ಸುಲಭವಲ್ಲ.

ಒಂದು ಎಚ್ಚರಿಕೆ. ಬರವಣಿಗೆ ಒಂದರಲ್ಲೇ ಅಲ್ಲ, ಮೊದಲು ಖುಷಿ ಕೊಡುತ್ತಿದ್ದ ಎಲ್ಲದರಲ್ಲೂ ಆಸಕ್ತಿ ಸತ್ತಿದೆ, ನಿದ್ದೆ ಊಟ ಏರುಪೇರಾಗಿದೆ, ಎರಡು ವಾರಕ್ಕೂ ಮೇಲ್ಪಟ್ಟು ದಿನದ ಬಹುಭಾಗ ಹಾಗೇ ಇದೆ ಎಂದಾದರೆ ಅದು ಹಿಂಜರಿಕೆಯಲ್ಲ, ಖಿನ್ನತೆ ಇರಬಹುದು. ಚೀಟಿ, ಟೈಮರ್‌ಗಳಲ್ಲಿ ಕಾಲ ಕಳೆಯದೆ ವೈದ್ಯರನ್ನೋ ಮನಶ್ಶಾಸ್ತ್ರಜ್ಞರನ್ನೋ ಕಾಣಿ. ಬದುಕೇ ಬೇಡ ಎಂಬ ಯೋಚನೆ ಸುಳಿದರೆ ಎರಡು ವಾರ ಕಾಯುವುದೂ ಬೇಡ, ಅಂದೇ ನಂಬಿಕೆಯ ಒಬ್ಬರಿಗೆ ಹೇಳಿ, ವೈದ್ಯರಲ್ಲಿಗೆ ಹೋಗಿ.

ಅರ್ಧಪುಟ

ನಿದ್ದೆ ಊಟ ಎಲ್ಲ ಸರಿಯಾಗಿದೆ, ಬೇರೆ ಕೆಲಸಗಳಲ್ಲಿ ಉತ್ಸಾಹವೂ ಇದೆ. ತೊಂದರೆ ಇದೊಂದರಲ್ಲೇ. ಕೊನೆಯ ಪ್ರಶ್ನೆ: ಲೇಖನ ವಾಪಸ್ ಬಂದರೆ? ಚೀಟಿಯಲ್ಲಿ ಬರೆದ ಭಯವೇ ನಿಜವಾದರೆ ಅಳುಕು ಇನ್ನೂ ಗಟ್ಟಿಯಾಗಲ್ವಾ?

ಕೈಮರ

ಮುಂದೇನು ಮಾಡಬೇಕು ಅನ್ನೋದು ಆ ಹೊತ್ತಿಗೆ ಗೊತ್ತಿಲ್ಲದಿದ್ದರೆ ಖಂಡಿತ ಗಟ್ಟಿಯಾಗುತ್ತೆ. ಅದಕ್ಕೇ ಆ ತೀರ್ಮಾನವನ್ನು ಕಳಿಸೋ ಮೊದಲೇ ಮಾಡಿಡಬೇಕು. ಪ್ರತಿ ಲೇಖನಕ್ಕೂ ಒಂದಲ್ಲ, ಮೂರು ಪತ್ರಿಕೆಗಳ ಹೆಸರು ಕ್ರಮವಾಗಿ ಬರೆದಿಡಿ. ಮೊದಲನೆಯವರು ಬೇಡ ಅಂದರೆ ಎರಡು ದಿನದೊಳಗೆ ಎರಡನೆಯವರಿಗೆ. ಬದಲಾಗಬೇಕಾದ್ದು ವಿಳಾಸ ಮತ್ತು ಆ ನಾಲ್ಕು ಸಾಲು ಮಾತ್ರ. ಒಂದೇ ಲೇಖನ ಒಟ್ಟಿಗೆ ಇಬ್ಬರಿಗೆ ಕಳಿಸಬೇಡಿ, ಅವರ ನಿಯಮದಲ್ಲಿ ಒಪ್ಪಿಗೆ ಇದ್ದರೆ ಬೇರೆ ಮಾತು. ಸಂಪಾದಕರು ನಿರ್ದಿಷ್ಟ ಕಾರಣ ಬರೆದಿದ್ದರೆ ಆ ಒಂದನ್ನು ತಿದ್ದಿ ಕಳಿಸಿ. ಕಾರಣ ಬರೆಯದಿದ್ದರೆ ಫೈಲ್ ತೆಗೆಯಲೇಬೇಡಿ, ಇಲ್ಲದ ಕಾರಣವನ್ನು ನೀವೇ ಹುಟ್ಟಿಸಿ ಇಡೀ ಲೇಖನ ಕಲಕಿಹಾಕ್ತೀರಿ. ಮೂವರೂ ಬೇಡ ಅಂದ ಮೇಲೆ ಒಂದು ಸಲ ಕೂತು ಓದಿ ನೋಡಬಹುದು.

ಚೀಟಿಯ ಕೊನೆಯ ಸಾಲಿನಲ್ಲಿ ಬಂದ ಮಾತುಗಳನ್ನು ಇದ್ದದ್ದು ಇದ್ದ ಹಾಗೆ ನಕಲು ಮಾಡಿ. "ಸದ್ಯಕ್ಕೆ ಬಳಸಿಕೊಳ್ಳಲಾಗುತ್ತಿಲ್ಲ" ಅಂತ ಬಂದಿದ್ದರೆ ಅದೇ ಎರಡು ಪದ ಬರೀಬೇಕು, "ತಿರಸ್ಕಾರ" ಅಂತ ಅಲ್ಲ. ಮೊದಲ ಊಹೆಯಲ್ಲಿದ್ದ "ಯೋಗ್ಯವಲ್ಲ", "ಕಟು" ಅನ್ನೋ ಪದಗಳು ಆ ಉತ್ತರದಲ್ಲಿ ಇವೆಯೋ ಇಲ್ಲವೋ ಅಂತ ಪಕ್ಕಪಕ್ಕ ಇಟ್ಟು ನೋಡಿ. 30 ದಿನಕ್ಕೂ ಉತ್ತರವೇ ಬರದಿದ್ದರೆ "ಉತ್ತರ ಬಂದಿಲ್ಲ" ಅಂತ ಬರೆದು, ಎರಡು ಸಾಲಿನಲ್ಲಿ ಒಮ್ಮೆ ವಿಚಾರಿಸಿ. ಇನ್ನೂ 15 ದಿನ ಮೌನ ಅಂದರೆ, ಹಿಂದಕ್ಕೆ ಪಡೀತಿದ್ದೀನಿ ಅಂತ ತಿಳಿಸಿ ಪಟ್ಟಿಯ ಎರಡನೇ ಹೆಸರಿಗೆ ಕಳಿಸಿ.